ಬೈರಾಸಿನ ಸ್ಥಾನಭೇದವೂ ಕುಂದನಾಡಿನ ಲಜ್ಜಾಮೀಮಾಂಸೆಯೂ

ಮಾನವೆಂಬುದು ಬಟ್ಟೆಯ ಗಜವನ್ನು ಅನುಸರಿಸುತ್ತದೆಂಬ ಭ್ರಾಂತಿಯು ಘಟ್ಟದ ಮೇಲಿನ ವಿದ್ವಾಂಸರಲ್ಲಿ ಬಹುಕಾಲದಿಂದ ಬೇರೂರಿದೆಯಾದರೂ, ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ಚೈತ್ರಮಾಸದ ಒಂದು ಮಧ್ಯಾಹ್ನವನ್ನು ಬೆವರುತ್ತ ಕಳೆದ ಯಾವ ಪ್ರಾಜ್ಞನೂ ಆ ಮತವನ್ನು ಮರುದಿನಕ್ಕೆ ಉಳಿಸಿಕೊಳ್ಳಲಾರನು. ಇಲ್ಲಿಯ ಸಿದ್ಧಾಂತವು ಸರಳವಾದುದು: ಹೆಗಲ ಮೇಲೆ ಬೈರಾಸೆಂಬ ತುಂಡುವಸ್ತ್ರವಿರುವ ಗಂಡಸು ಉಟ್ಟವನು, ಇಲ್ಲದವನು ಬರಿಮೈಯವನು. ಮೊಣಕಾಲಿಗೆ ಮಡಚಿ ಕಟ್ಟಿದ ಮುಂಡು, ಅದರ ಗಂಟಿನ ಮೇಲೆ ನಿರಾತಂಕವಾಗಿ ವಿಶ್ರಮಿಸುವ ಹೊಟ್ಟೆ, ಇವೆರಡೂ ಬೈರಾಸಿನ ಸಾನ್ನಿಧ್ಯದಲ್ಲಿ ಅಂಗಡಿಯ ಜಗಲಿಗೂ ಪಂಚಾಯಿತಿಯ ಕಟ್ಟೆಗೂ ಯೋಗ್ಯವಾಗುತ್ತವೆ. ಅದು ಏನನ್ನಾದರೂ ಮುಚ್ಚುತ್ತದೆಯೇ ಎಂದು ಕೇಳುವುದು ಜನಿವಾರವು ಚಳಿಗೆ ಆಗುತ್ತದೆಯೇ ಎಂದು ಕೇಳಿದಂತೆ.

ಆದರೆ ಹಿಂದೆ ಒಡೆಯನ ಅಂಗಳದಲ್ಲಿ ಗೇಣಿದಾರನ ಬೈರಾಸು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತಿತ್ತು. ಮೈಯನ್ನು ಮುಚ್ಚುವುದೇ ಉದ್ಧಟತನವೆನ್ನುವ ಈ ಶಾಸ್ತ್ರವನ್ನು ತಿರುವಾಂಕೂರು ಸಂಸ್ಥಾನವು ಇನ್ನೂ ಕಠೋರವಾಗಿ ಪಾಲಿಸಿತ್ತು. ಅಲ್ಲಿಯ ನಾಡಾರ್ ಸ್ತ್ರೀಯರು ದಶಕಗಳ ಕಾಲ ಹೋರಾಡಿ, ಎದೆಯನ್ನು ಮುಚ್ಚಿಕೊಳ್ಳುವ ಅನುಮತಿಯನ್ನು 1859ರಲ್ಲಿ ಪಡೆದರು, ಅದೂ ಮೇಲ್ಜಾತಿಯವರ ಮಾದರಿಯಲ್ಲಿ ಕೂಡದೆಂಬ ನಿಬಂಧನೆಯೊಡನೆ. ನಮ್ಮಲ್ಲಿ 1974ರ ಭೂಸುಧಾರಣೆಯ ತರುವಾಯ ಬೈರಾಸು ಹೆಗಲನ್ನೇರಿ ಅಲ್ಲಿಯೇ ನೆಲಸಿತು. ನಾಚಿಕೆಯ ಇತಿಹಾಸವನ್ನು ಬರೆಯಹೊರಟವರು ಕಂದಾಯದ ಕಡತಗಳನ್ನು ಏಕೆ ನೋಡುವುದಿಲ್ಲವೋ ತಿಳಿಯದು.

ದೇವರ ಸನ್ನಿಧಿಯಲ್ಲಂತೂ ಗಂಡಸು ಅಂಗಿ ಬನಿಯನುಗಳನ್ನು ಕಳಚಲೇಬೇಕಾದ ದೇವಸ್ಥಾನಗಳು ಈ ಸೀಮೆಯಲ್ಲಿ ಅನೇಕವಿವೆ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗನು ಅಲ್ಲಿ ತನ್ನ ಎದೆಗೆ ಎರಡೂ ಕೈಗಳನ್ನು ಅಡ್ಡ ಕಟ್ಟಿಕೊಂಡು ಕುಗ್ಗಿ ನಿಂತರೆ, ಅದನ್ನು ಪರಮಭಕ್ತಿಯೆಂದು ತಿಳಿದ ಅರ್ಚಕರು ಎರಡು ಹೂವು ಹೆಚ್ಚಿಗೆ ಕೊಡುವುದುಂಟು. ಹೊರಗೆ ಬಂದೊಡನೆ, ಜೀವಮಾನದಲ್ಲಿ ಕನ್ನಡಿಯನ್ನು ಕ್ಷೌರಕ್ಕೆ ಮಾತ್ರ ಬಳಸಿದ ದೊಡ್ಡಪ್ಪನು, "ಏಗ ಬಂದದ್ ಮಗಾ? ಎಂತ ಹೀಂಗ್ ಸಪೂರ ಆಯ್ದೆ, ಉಂಬುದಿಲ್ಯಾ?" ಎಂದು ನಾಲ್ಕು ಜನರ ನಡುವೆ ಅವನ ಪಕ್ಕೆಲುಬುಗಳನ್ನು ವಿಮರ್ಶಿಸುವನು. ಇದು ಈ ನಾಡಿನ ಕುಶಲಪ್ರಶ್ನೆ, ಉತ್ತರವನ್ನು ಅಪೇಕ್ಷಿಸುವುದಿಲ್ಲ.

ಸ್ತ್ರೀಪ್ರಕರಣವು ಇಷ್ಟು ಸುಗಮವಾದುದಲ್ಲ. ಸೊಂಟದಲ್ಲಿ ಉಡಿದಾರವೊಂದಿದ್ದರೆ ಗಂಡುಕೂಸು ಸಂಪೂರ್ಣ ವಸ್ತ್ರಧಾರಿಯೆಂದು ಎಣಿಸಲ್ಪಡುವ ಅದೇ ಅಂಗಳದಲ್ಲಿ, ಲಂಗ ತೊಟ್ಟು ಕುಳಿತ ಅವನ ಅಕ್ಕನಿಗೆ "ಹೆಣೆ, ಕಾಲ್ ಮಡ್ಚಿ ಕೂಕೋ" ಎಂಬ ಉಪದೇಶವು ದಿನಕ್ಕೆ ಮೂರು ಸಂಧ್ಯೆಗಳಲ್ಲಿಯೂ ಆಗುತ್ತದೆ. ಆದರೆ ಆಷಾಢದ ನಟ್ಟಿಗದ್ದೆಯಲ್ಲಿ ಅವಳ ತಾಯಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ದಿನವಿಡೀ ನೇಜಿ ನೆಟ್ಟರೂ ಯಾವ ಹಿರಿಯರ ಕಣ್ಣಿಗೂ ಅದು ಬೀಳದು. ಸಂಜೆ ಕಾಲು ತೊಳೆದ ಮರುಕ್ಷಣದಲ್ಲಿ ಅದೇ ಮೊಣಕಾಲು ಜಗಲಿಯಲ್ಲಿ ಅಮರ್ಯಾದೆಯಾಗುತ್ತದೆ. ಆದಕಾರಣ ಕೆಸರೂ ವಸ್ತ್ರವೇ ಎಂದು ನಾವು ಪ್ರತಿಪಾದಿಸುತ್ತೇವೆ. ಗದ್ದೆಯ ಒಡೆಯನಿಗೆ ಮಾತ್ರ ಲಾಭವಾಗುವ ವಸ್ತ್ರವಿದೆಂಬ ಪೂರ್ವಪಕ್ಷವೊಂದುಂಟು. ಅದನ್ನು ಖಂಡಿಸಲು ನಮ್ಮಲ್ಲಿ ಯುಕ್ತಿಗಳಿಲ್ಲ.

ಇನ್ನು ಲಜ್ಜೆಯ ಪಾಠಶಾಲೆಯಾದ ಬಯಲಾಟ. ಕೋಟದ ಶಿವರಾಮ ಕಾರಂತರು ಈ ಕಲೆಯನ್ನು ಕುರಿತು ಬರೆದ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೇ ಸಂದಿತಾದರೂ, ವೇಷ ಕಟ್ಟುವ ಚೌಕಿಯೊಳಗಿನ ದೇಹತತ್ತ್ವವು ಇನ್ನೂ ಭಾಷ್ಯಕಾರರನ್ನು ನಿರೀಕ್ಷಿಸುತ್ತಿದೆ. ತುಂಡುಬಟ್ಟೆಯುಟ್ಟು ಚಾಪೆಯ ಮೇಲೆ ಕುಳಿತ ಬಡಕಲು ಮನುಷ್ಯನೊಬ್ಬನು ಕಸೆ ಸೀರೆ, ಎದೆಕಟ್ಟು, ಭುಜಕೀರ್ತಿ, ಸುತ್ತಿ ಸುತ್ತಿ ಕಟ್ಟಿದ ಮುಂಡಾಸು ಇವುಗಳಿಂದ ಕರ್ಣನ ಗಾತ್ರಕ್ಕೆ ಉಬ್ಬುವುದನ್ನು ಮಕ್ಕಳು ಪರದೆಯ ಸಂದಿನಿಂದ ನೋಡುತ್ತವೆ. ಅವನ ಮಗ್ಗುಲಲ್ಲಿಯೇ ಮೀಸೆ ಬೋಳಿಸಿಕೊಂಡ ಮತ್ತೊಬ್ಬನು ಬೀಡಿಯ ಕೊನೆಯ ದಮ್ಮನ್ನೆಳೆದು, ಸೆರಗಿನ ನೆರಿಗೆಗಳನ್ನು ಒಂದೊಂದಾಗಿ ತಿದ್ದಿಕೊಂಡು, ದಮಯಂತಿಯಾಗಿ ಎದ್ದು ನಿಲ್ಲುತ್ತಾನೆ. ಕುಲಸ್ತ್ರೀಯು ಕಣ್ಣನ್ನು ಎಷ್ಟು ಬಾಗಿಸಬೇಕು, ಸೆರಗನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ನಾಲ್ಕಾರು ತಲೆಮಾರಿನ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ತೂಕಡಿಸುತ್ತ ಕಲಿತದ್ದು ಈತನಿಂದ.

ಮಂದಾರ್ತಿಯ ಕಡೆಯ ಹರಕೆಯಾಟವೊಂದರ ಮರುದಿನ ಬೆಳಿಗ್ಗೆ, ಅಂತಹ ವೇಷವನ್ನೇ ಮಾದರಿಯಾಗಿ ತೋರಿಸಿದ ಅಜ್ಜಿಗೆ ಮೊಮ್ಮಗಳು, "ಅಮ್ಮಮ್ಮಾ, ಅದ್ ಗಂಡ್ ಅಲ್ದಾ?" ಎಂದು ಆಕ್ಷೇಪವೆತ್ತಿದಳು.

"ಗಂಡಾರೆಂತ? ನಿಂಗಿಂತ ಲಾಯ್ಕ್ ಮಾಡಿ ನಾಚ್ಕಂತ."