ಹಿಂಬದಿಯ ಸಮಾಚಾರ

ಕಾರು ಕೊಳ್ಳುವವರು ಬಣ್ಣ ನೋಡುತ್ತಾರೆ, ಬಾನೆಟ್ ಎತ್ತಿಸಿ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸುತ್ತಾರೆ. ನೆಲಕ್ಕೆ ಬಗ್ಗಿ ಹಿಂದಿನ ಚಕ್ರಗಳ ನಡುವೆ ಇಣುಕುವವರು ಅಪರೂಪ. ಇಣುಕುವ ಆ ಕೆಲವರಿಗೋ ಆಮೇಲೆ ಬೇರೆ ಮಾತೇ ಇಲ್ಲ. ನನ್ನ ಬಳಿ ವೇಗದ ಕಾರಿಲ್ಲವಾದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಬಹಳ ಗಟ್ಟಿಯಾಗಿವೆ.

ಅಮೆರಿಕದ ಫೋರ್ಡ್ ಮಸ್ಟ್ಯಾಂಗನ್ನೇ ತೆಗೆದುಕೊಳ್ಳಿ. 1964ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಹಿಂದೆ ಇದ್ದದ್ದು ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಆಕ್ಸಲ್, ಅದನ್ನು ಹೊತ್ತ ಎರಡು ಲೀಫ್ ಸ್ಪ್ರಿಂಗ್. ನಮ್ಮ ಅಂಬಾಸಿಡರ್ ಹಿಂಬದಿಯೂ ಇದೇ ಜಾತಿ. ಹಾಗಂತ ಮಸ್ಟ್ಯಾಂಗ್ ಅಭಿಮಾನಿಗಳ ಎದುರು ಬಾಯಿಬಿಡಬಾರದು. ಇದು ಎರಡೆತ್ತಿಗೆ ಒಂದೇ ನೊಗ ಹೂಡಿದ ಹಾಗೆ: ಎಡಚಕ್ರ ಗುಂಡಿಗಿಳಿದರೆ ಬಲಚಕ್ರವೂ ವಾಲುತ್ತದೆ. ಒರಟು ತಿರುವಿನಲ್ಲಿ ಕಾರಿನ ಹಿಂಭಾಗ ಚಂಗನೆ ಪಕ್ಕಕ್ಕೆ ಸರಿದು, ಓಡಿಸುವವನ ಜೀವ ಬಾಯಿಗೆ ಬರುತ್ತದೆ.

ಜಾಗ್ವಾರ್ ಇ-ಟೈಪ್ 1961ರಲ್ಲೇ ಹಿಂದಿನ ಚಕ್ರಗಳನ್ನು ಬೇರೆ ಬೇರೆ ಮಾಡಿತ್ತು, ಕಾರ್ವೆಟ್ 1963ಕ್ಕೆ. ಮಸ್ಟ್ಯಾಂಗ್‌ನ ಕೋಬ್ರಾ ಮಾದರಿಗೆ ಈ ಇಂಡಿಪೆಂಡೆಂಟ್ ಸಸ್ಪೆನ್ಷನ್ ಸಿಕ್ಕಿದ್ದು 1999ರಲ್ಲಿ. ಆಗ ನಡೆದದ್ದು ನೋಡಿ: ಡ್ರ್ಯಾಗ್ ರೇಸಿನ ಮಂದಿ ಆ ದುಬಾರಿ ಕಾರು ಕೊಂಡು, ಹೊಸ ಸಸ್ಪೆನ್ಷನ್ ಬಿಚ್ಚಿ ಪಕ್ಕಕ್ಕಿಟ್ಟು, ಹಳೇ ಆಕ್ಸಲನ್ನೇ ಜೋಡಿಸಿಕೊಂಡರು! ಹುಚ್ಚಲ್ಲ, ಲೆಕ್ಕಾಚಾರ. ಕಾಲು ಮೈಲಿ ನೆಟ್ಟಗೆ ಓಡುವವನಿಗೆ ತಿರುವಿನ ಗೊಡವೆ ಯಾಕೆ? ಅವನು ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಾನೆ. ಟೈರು ರಸ್ತೆ ಕಚ್ಚುತ್ತದೆ, ಹೊಸ ಸಸ್ಪೆನ್ಷನ್ನಿನ ಕೀಲುಗಳ ರಬ್ಬರ್ ಬುಶ್ ತಿರುಚಿಕೊಳ್ಳುತ್ತದೆ, ಟೈರು ಜಾರುತ್ತದೆ, ಬುಶ್ ವಾಪಸ್ ಚಿಮ್ಮುತ್ತದೆ, ಟೈರು ಮತ್ತೆ ಕಚ್ಚುತ್ತದೆ. ಹಿಂಬದಿಯೆಲ್ಲ ಧಡಧಡ ಕುಣಿಯುವ ಈ ವೀಲ್ ಹಾಪ್‌ನಲ್ಲಿ ಚಕ್ರವನ್ನು ತಿರುಗಿಸುವ ಹಾಫ್ ಶಾಫ್ಟ್ ಮುರಿದುಹೋಗುವುದುಂಟು. ದಪ್ಪ ಆಕ್ಸಲ್ ಇಂಥ ಏಟನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಆಕ್ಸಲ್ ಪಕ್ಷದೊಳಗೂ ಒಡಕಿದೆ. ಅದು ಅಡ್ಡಕ್ಕೆ ಸರಿಯದಂತೆ ಹಿಡಿಯಲು 2005ರ ಮಸ್ಟ್ಯಾಂಗ್‌ನಲ್ಲಿ ಪ್ಯಾನ್‌ಹಾರ್ಡ್ ರಾಡ್ ಇತ್ತು: ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಬಾಡಿಗೆ. ಬಾಡಿ ಏರಿಳಿದಾಗ ರಾಡ್ ಕಮಾನಿನ ದಾರಿಯಲ್ಲಿ ತಿರುಗುವುದರಿಂದ ಆಕ್ಸಲ್ ಕೂದಲಷ್ಟು ಅತ್ತಿತ್ತ ಹೋಗುತ್ತದೆ. ಆ ಕೂದಲಷ್ಟಕ್ಕೇ ನಿದ್ದೆಗೆಟ್ಟವರು ವಾಟ್ ಲಿಂಕೇಜ್ ಹಾಕಿಸುತ್ತಾರೆ. ಎರಡು ರಾಡ್, ನಡುವೆ ತಿರುಗುವ ಒಂದು ತುಂಡು, ಅಷ್ಟೇ. ಜೇಮ್ಸ್ ವಾಟ್ ಇದನ್ನು 1784ರಲ್ಲಿ ಉಗಿಯಂತ್ರಕ್ಕಾಗಿ ಕಂಡುಹಿಡಿದದ್ದು. ತನ್ನ ಬೇರೆಲ್ಲ ಯಂತ್ರಗಳಿಗಿಂತ ಇದರ ಬಗ್ಗೆಯೇ ಅವನಿಗೆ ಹೆಮ್ಮೆ ಹೆಚ್ಚಿತ್ತಂತೆ. ಆ ಹೆಮ್ಮೆಯ ಕೂಸು ಈಗ ಡಿಕ್ಕಿಯ ಕೆಳಗೆ ಕೆಸರು ತಿನ್ನುತ್ತಿದೆ.

2015ರ ಮಾದರಿಯಿಂದ ಮಸ್ಟ್ಯಾಂಗ್‌ಗಳೆಲ್ಲ ಇಂಡಿಪೆಂಡೆಂಟ್ ಆದವು, ಮರುವರ್ಷ ಭಾರತಕ್ಕೆ ಬಂದದ್ದೂ ಅದೇ. ನನ್ನನ್ನು ಕೇಳಿದರೆ, ನೇರ ಓಟವೊಂದೇ ಕಸುಬಾಗಿದ್ದರೆ ಆಕ್ಸಲ್ ಇರಲಿ. ಊರ ರಸ್ತೆಯಲ್ಲಿ ಓಡಾಡಿ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಹೋಗುವವರಿಗೆ ಇಂಡಿಪೆಂಡೆಂಟೇ ಸರಿ. ಯಾವ ಪಕ್ಷವಾದರೂ, ಲಕ್ಷಗಟ್ಟಲೆ ಸುರಿಯುವ ಮುಂಚೆ ದಯವಿಟ್ಟು ಒಮ್ಮೆ ಕಾರನ್ನು ಮೇಲೆತ್ತಿಸಿ, ಹಳೇ ಬುಶ್ ಬಿರುಕು ಬಿಟ್ಟಿದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ ನೋಡಿ.