ವಾಡಿಕೆ ಮಳೆಯವರ ಸನ್ನಿಧಾನಕ್ಕೆ

ಮಹಾರಾಜರಾಜಶ್ರೀ ವಾಡಿಕೆ ಮಳೆಯವರಿಗೆ,

ತುಮಕೂರು ಸೀಮೆಯ ಎರಡೂವರೆ ಎಕರೆ ಖುಷ್ಕಿ ಜಮೀನಿನ ರೈತ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ವಾಡಿಕೆಯೂ ತಮ್ಮ ಹಾಗೆಯೇ, ಕಾಗದದ ಮೇಲಷ್ಟೇ ಚೆನ್ನಾಗಿರುತ್ತದೆ.

ತಮ್ಮ ಹೆಸರು ಕೇಳುತ್ತಲೇ ಬೆಳೆದವನು ನಾನು. ‘ಜಿಲ್ಲೆಯಲ್ಲಿ ವಾಡಿಕೆ ಮಳೆ’ ಎಂದು ಪೇಪರಿನಲ್ಲಿ ಓದಿ, ಅಪ್ಪ ಪೇಪರ್ ಮಡಚಿ ಆಕಾಶ ನೋಡುತ್ತಿದ್ದ. ತಮ್ಮನ್ನು ಮಾತ್ರ ಈವರೆಗೆ ಕಣ್ಣಾರೆ ಕಂಡಿಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಆಶ್ಲೇಷ, ಮಘೆ, ಹುಬ್ಬೆ, ಚಿತ್ತೆ, ಸ್ವಾತಿ ಎಲ್ಲರೂ ನಮ್ಮ ಹೊಲದ ಮೇಲೆ ಹಾದುಹೋದವರೇ. ಕೊಟ್ಟವರೂ ಇದ್ದಾರೆ, ಕೈಕೊಟ್ಟವರೂ ಇದ್ದಾರೆ. ವಾಡಿಕೆ ಎಂಬ ನಕ್ಷತ್ರ ಪಂಚಾಂಗದಲ್ಲೇ ಸಿಗಲಿಲ್ಲ.

ವಿಚಾರಿಸಿದೆ. ವರ್ಷಾನುಗಟ್ಟಲೆ ಬಿದ್ದ ಮಳೆಯನ್ನು ಕೂಡಿಸಿ ಭಾಗಿಸಿದಾಗ ತಾವು ಹುಟ್ಟಿದಿರಂತೆ. ಹವಾಮಾನ ಇಲಾಖೆಯ ಈಗಿನ ಲೆಕ್ಕಕ್ಕೆ 1971ರಿಂದ 2020ರವರೆಗಿನ ಐವತ್ತು ವರ್ಷಗಳೇ ತಮ್ಮ ಹೆತ್ತವರು. ಜಿಲ್ಲೆಯಲ್ಲಿ ಶೇ. 19ರಷ್ಟು ಕಡಿಮೆ ಬಿದ್ದರೂ ತಾವೇ, ಶೇ. 19ರಷ್ಟು ಹೆಚ್ಚು ಬಿದ್ದರೂ ತಾವೇ. ಎಷ್ಟು ದೊಡ್ಡ ಮನಸ್ಸು! ಈ ಧೈರ್ಯದ ಮೇಲೆ ಬೆಳೆಸಾಲಕ್ಕೆ ಶೇ. 19 ಕಡಿಮೆ ಕಟ್ಟಿ ‘ವಾಡಿಕೆಯಂತೆ ಕಟ್ಟಿದ್ದೇನೆ ಸ್ವಾಮಿ’ ಎಂದು ನೋಡಿದೆ. ಸಾಲ ಕೊಟ್ಟವರಿಗೆ ತಮ್ಮ ಪರಿಚಯವೇ ಇದ್ದ ಹಾಗಿಲ್ಲ.

ಹೊಲದಲ್ಲಿ ತಮ್ಮ ಮಹಿಮೆ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಜುಲೈನಲ್ಲಿ ಒಂದು ಹದ ಮಳೆ ಆಯಿತೆಂದು ಕೂರಿಗೆ ಕಟ್ಟಿ ರಾಗಿ ಬಿತ್ತಿದೆವು. ಅಕ್ಕಡಿಗೆ ಅವರೆ, ಹುಚ್ಚೆಳ್ಳು, ಸಾಸಿವೆ. ಮೂರನೇ ದಿನ ಒಂದು ಗಂಟೆ ರಪರಪನೆ ಹೊಡೆದು ನಿಂತಿತು. ಮಾರನೇ ದಿನದಿಂದ ಸುಡುಬಿಸಿಲು. ಕೆಮ್ಮಣ್ಣಿನ ಮೈ ಹಪ್ಪಳದಂತೆ ಗಟ್ಟಿಯಾಯಿತು. ಬೆರಳಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿದರೆ, ಅಡಿಯಲ್ಲಿ ದಾರದೆಳೆಯಷ್ಟು ಬಿಳಿ ಮೊಳಕೆ ದಾರಿ ಕಾಣದೆ ಸುತ್ತಿಕೊಂಡು ಮಲಗಿತ್ತು. ಹೇಗೋ ಮೇಲೆ ಬಂದ ಪೈರಿಗೆ ಮುಂದಿನ ಇಪ್ಪತ್ತು ದಿನ ಒಂದು ಹನಿ ಇಲ್ಲ. ಮಧ್ಯಾಹ್ನ ಎಲೆ ಬೀಡಿಯ ಹಾಗೆ ಸುರುಳಿ ಸುತ್ತುತ್ತಿತ್ತು, ಸಂಜೆಗೆ ಬಿಚ್ಚಿಕೊಳ್ಳುತ್ತಿತ್ತು. ಆಮೇಲಾಮೇಲೆ ಸಂಜೆಯೂ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಎರಡು ರಾತ್ರಿ ಸುರಿದು ಬದು ಒಡೆಯಿತು. ಹಾಕಿದ್ದ ಕೊಟ್ಟಿಗೆ ಗೊಬ್ಬರ ಮಣ್ಣಿನ ಸಮೇತ ಹಳ್ಳ ಸೇರಿತು. ತಿಂಗಳ ಲೆಕ್ಕ ತೆಗೆದರೆ, ವಾಡಿಕೆ!

ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎನ್ನುತ್ತಿದ್ದರು ಹಿರಿಯರು. ಮನೆಮಗ ಮೂರು ವಾರ ಉಪವಾಸವಿದ್ದು ಒಂದೇ ರಾತ್ರಿ ತಿಂಗಳ ಹಿಟ್ಟನ್ನೆಲ್ಲ ನುಂಗಿದರೆ ಏನು ಗತಿ ಎಂಬುದಕ್ಕೆ ಅವರಲ್ಲಿ ಗಾದೆ ಇರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ 2023ರ ಮೇಲೆ ಗೌರವವಿದೆ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದರು. ನಮ್ಮ ಕಡೆ ತಾವು ಮುಖ ತೋರಿಸಲಿಲ್ಲ. ಕಳ್ಳತನವಾದರೂ ಹಗಲಲ್ಲೇ ಆಯಿತು. ಬರ ಬಂದರೆ ಬಂತೆಂದು ಹೇಳಿಕೊಳ್ಳಬಹುದು, ಅರ್ಜಿ ಹಾಕಬಹುದು, ಮಂತ್ರಿಗಳಿಗೆ ಮುತ್ತಿಗೆ ಹಾಕಬಹುದು. ತಾವು ಬಂದು ಹಾಳಾದವನು ಏನೆಂದು ಹೇಳಿಕೊಳ್ಳಬೇಕು? 2016ರ ಬರ ಕೈಪಿಡಿಯಲ್ಲಿ ಮೂರು ನಾಲ್ಕು ವಾರ ಸತತವಾಗಿ ಒಣಗಿದರೆ ಲೆಕ್ಕಕ್ಕಿದೆ, ಇಲ್ಲವೆನ್ನಲಾರೆ. ಆದರೆ ನಡುವೆ ಒಂದು ವಾರ ಆ ವಾರದ ವಾಡಿಕೆಯ ಅರ್ಧಕ್ಕಿಂತ ಚೂರು ಹೆಚ್ಚು ಉದುರಿದರೆ ಸಾಕು, ಎಣಿಕೆ ಮತ್ತೆ ಒಂದರಿಂದ. ಕಬಡ್ಡಿಯಲ್ಲಿ ಗೆರೆ ಮುಟ್ಟಿ ಬಂದಷ್ಟೇ ಸಲೀಸು.

ತಮ್ಮ ದಾಯಾದಿ ಬಿಸಿಲಿನ ವಿಷಯ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಲ್ಲಿ 38.5 ಡಿಗ್ರಿ ಆಯಿತೆಂದು ಜನ ಏಸಿ ಅಂಗಡಿಗೆ ಓಡಿದರು. ತೆಂಗಿನ ಮರ ಎಲ್ಲಿಗೆ ಓಡಬೇಕು? ನಿಂತಲ್ಲೇ ಎಳೆಗಾಯಿಯ ಹರಳು ಉದುರಿಸಿತು. ಹೊಂಬಾಳೆ ಒಡೆದು ಕಾಯಿ ಬಲಿಯಲು ವರ್ಷ ಹಿಡಿಯುವುದರಿಂದ, ಆ ಬೇಸಿಗೆ ಉದುರಿದ್ದರ ಬಿಲ್ಲು ಮರುವರ್ಷ ಬಂತು. 2025ರಲ್ಲಿ ಕಾಯಿಗೆ ಬೆಲೆಯೋ ಬೆಲೆ. ಮಾರಲು ನಮ್ಮಲ್ಲಿ ಕಾಯಿಯೇ ಇಲ್ಲ. ನಲವತ್ತು ಮರ ಇಟ್ಟುಕೊಂಡು ಗೌರಿ ಹಬ್ಬಕ್ಕೆ ಅಂಗಡಿಯಿಂದ ಕಾಯಿ ತಂದೆವು, ಅದೂ ಉದ್ರಿ. ಅಂಗಡಿಯವನು ನಕ್ಕ. ಕೋಲಾರದ ಕಡೆ ನಮ್ಮ ಬೀಗರು ಟೊಮೆಟೊ ಹಾಕಿದ್ದರು. ಹಗಲಿನ ಕಾವು ರಾತ್ರಿಯೂ ಇಳಿಯದೆ ಹೂವು ಕಾಯಿ ಕಚ್ಚದೆ ಉದುರಿತು. ಗಿಡವೇನೋ ಹಸಿರಾಗಿ, ನೆಂಟರು ಫೋಟೊ ತೆಗೆಸಿಕೊಳ್ಳುವಷ್ಟು ಚೆನ್ನಾಗಿತ್ತು.

ಇನ್ನು ಬೇಡದಾಗ ಬರುವ ತಮ್ಮ ಬಳಗದ ಔದಾರ್ಯ. ಭೀಮಾ ತೀರದ ತೊಗರಿ 2025ರ ಸೆಪ್ಟೆಂಬರಿನಲ್ಲಿ ನೀರಲ್ಲಿ ನಿಂತು ಬೇರು ಕೊಳೆಸಿಕೊಂಡಿತು. ನಮ್ಮ ಕಡೆ 2021ರ ನವೆಂಬರನ್ನು ಯಾರೂ ಮರೆತಿಲ್ಲ. ರಾಗಿ ಕೊಯ್ದು ಅರಿ ಹಾಕಿದ್ದೆವು. ನಾಲ್ಕು ದಿನ ಒಣಗಿದ್ದರೆ ಮೆದೆ. ಹಿಡಿದ ಜಡಿ ಬಿಡಲೇ ಇಲ್ಲ. ಅರಿ ಮಗುಚಲು ಹೋದ ನನ್ನಾಕೆ ಒಂದು ತೆನೆ ತಂದು ಅಂಗೈ ಮೇಲಿಟ್ಟಳು. ತೆನೆಯ ಬೆರಳುಗಳ ತುಂಬ ಹಸಿರು ಕೂದಲು! ಜುಲೈನಲ್ಲಿ ಮಣ್ಣು ಒಡೆದು ಬಾರೆಂದು ಬೇಡಿಕೊಂಡರೂ ಬಾರದ ಮೊಳಕೆ, ಕೊಯ್ದ ಮೇಲೆ ತಾನಾಗಿ ಬಂದಿತ್ತು.

ಕೊಯ್ದು ಹರಡಿದ ಬೆಳೆ ನೆನೆದರೂ ವಿಮೆಯುಂಟು, 72 ಗಂಟೆಯೊಳಗೆ ತಿಳಿಸಬೇಕು ಅಂತ ಗೊತ್ತಿತ್ತು. ಕರೆಂಟಿಲ್ಲ, ಫೋನಿಗೆ ಚಾರ್ಜಿಲ್ಲ. ನಾಲ್ಕನೇ ದಿನ ಕೆಸರು ತುಳಿದುಕೊಂಡು ಕಚೇರಿಗೆ ಹೋದೆ. ಅಲ್ಲಿದ್ದವರು ಬಹಳ ಮರ್ಯಾದೆಯಿಂದ ಕೂರಿಸಿ, ಗಡಿಯಾರ ತೋರಿಸಿ ಕಳಿಸಿದರು. ಕಪ್ಪಾದ ರಾಗಿಯನ್ನು ಮಿಲ್ ಮಾಡಿಸಿ ಉಂಡೆವು. ಮುದ್ದೆಗೆ ಮುಗ್ಗಲು ವಾಸನೆ. ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಎರಡು ಗೆಡ್ಡೆ ಹೆಚ್ಚು ಬೀಳುತ್ತಿತ್ತು.

ತಾವು ಒಮ್ಮೆ ದಯಮಾಡಿಸಬೇಕು. ಮುನ್ಸೂಚನೆ ಬೇಡ; ಹೇಗೂ ಕೊಟ್ಟ ಮಾತಿಗೆ ತಾವು ಬಂದವರಲ್ಲ. ಚಾವಡಿಯಲ್ಲಿ ಕೂತು ಒಂದು ಮುದ್ದೆ ಮುರಿದು ಹೋಗಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಸರಾಸರಿ ರೈತ

ತಾ.ಕ.: ಇದನ್ನು ಬರೆದು ಮುಗಿಸುವಾಗ ಮೂಡಲ ದಿಕ್ಕಿಗೆ ಗುಡುಗಿತು. ಮಣ್ಣಿನ ವಾಸನೆ ಬಂತು, ಮಳೆ ಬರಲಿಲ್ಲ. ಮೂರು ಕಿಲೋಮೀಟರ್ ಆಚೆ ಪಂಚಾಯಿತಿ ಕಟ್ಟಡದ ಮೇಲೆ ಬಿದ್ದಿತಂತೆ. ಮಳೆಮಾಪಕ ಇರುವುದೂ ಅಲ್ಲೇ. ನಾಳೆ ಪೇಪರಿನಲ್ಲಿ ತಮ್ಮ ಹೆಸರಿರುತ್ತದೆ.