ಕರಡಿ ಪೆಟ್ಟಿಗೆಯಲ್ಲಿ ಇಂಗಿನ ಡಬ್ಬಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಕ್ಯಾಂಪಿಂಗ್ ಶುರುವಾಗುವುದು ಕಾಡಿನಲ್ಲಲ್ಲ, ಊಟದ ಮೇಜಿನ ಮೇಲೆ. ಅದೂ ತಿಂಗಳ 15ನೇ ತಾರೀಖು, ಬೆಳಿಗ್ಗೆ 7 ಗಂಟೆಗೆ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನ ಜಾಗಗಳನ್ನು ಐದು ತಿಂಗಳು ಮುಂಚೆ ಬುಕಿಂಗಿಗೆ ಬಿಡುವುದು ಆ ಹೊತ್ತಿಗೆ. ಅಪ್ಪ ಲ್ಯಾಪ್‌ಟಾಪಿನಲ್ಲಿ, ಅಮ್ಮ ಫೋನಿನಲ್ಲಿ, ಮಗಳು ಸ್ಕೂಲಿನ ಕ್ರೋಮ್‌ಬುಕ್ಕಿನಲ್ಲಿ, ಎಲ್ಲರೂ ತತ್ಕಾಲ್ ಟಿಕೆಟ್ಟಿಗೆ ಕಾದವರ ಹಾಗೆ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಕಾಫಿ ಆರಿಹೋಗುವಷ್ಟರಲ್ಲಿ ಬೇಸಿಗೆ ರಜೆಯ ಶನಿವಾರಗಳೆಲ್ಲ ಖಾಲಿ.

ಜಾಗ ಸಿಕ್ಕಿತು ಅನ್ನಿ. ರಾತ್ರಿಗೆ 36 ಡಾಲರ್, ಆರು ಜನ ಮಲಗಬಹುದು. ಹೋಟೆಲ್ ರೂಮಿನ ಬಾಡಿಗೆ ನೋಡಿದರೆ ಇದು ಬಿಟ್ಟಿಯೇ ಸರಿ. ಖರ್ಚು ಶುರುವಾಗುವುದು ಉಳಿತಾಯಕ್ಕೆ ಹೊರಟಾಗ. ಬುಕಿಂಗ್ ಆದ ರಾತ್ರಿಯೇ ನಮ್ಮವರು ಅಗ್ಗದ ಕ್ಯಾಂಪಿಂಗಿನ ವಿಡಿಯೋಗಳ ಮುಂದೆ ಕೂತರು. ಒಂದೊಂದು ಉಪಾಯ ಕಲಿತಾಗಲೂ ಎರಡು ದಿನ ಬಿಟ್ಟು ಬಾಗಿಲಿಗೆ ಒಂದು ಪಾರ್ಸೆಲ್ ಬರುತ್ತಿತ್ತು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ, ಕಿಟಕಿ ಪಕ್ಕ ಕೂತು ಅವನ್ನೆಲ್ಲ ಎಣಿಸಿದ್ದರು.

"36 ಡಾಲರ್ ತಗೊಂಡು ಒಂದು ಚಾಪೆನೂ ಕೊಡಲ್ವೇನೋ?"

"ನೆಲ ಕೊಡ್ತಾರಮ್ಮ."

"ನೆಲ ದೇವರು ಕೊಟ್ಟಿದ್ದಲ್ವೇನೋ!"

ಪಾರ್ಸೆಲ್ ಇಲ್ಲದೆ, ಕೈಯಾರೆ ಮಾಡುವ ಉಪಾಯವೂ ಒಂದಿತ್ತು. ಬಟ್ಟೆ ಒಣಗಿಸುವ ಡ್ರೈಯರಿನ ಜಾಲರಿಯಲ್ಲಿ ಬೂದು ಬಣ್ಣದ ನೂಲಿನ ಕಸ ಕೂರುತ್ತದಲ್ಲ, ಅದನ್ನು ಕೂಡಿಡಬೇಕು. ಮೊಟ್ಟೆ ಮಾರುವ ರಟ್ಟಿನ ಟ್ರೇಯ ಗುಳಿಗಳಲ್ಲಿ ತುರುಕಬೇಕು. ಮೇಲೆ ಕರಗಿದ ಮೇಣ ಸುರಿಯಬೇಕು. ಒಂದೊಂದೇ ಗುಳಿ ಕತ್ತರಿಸಿ ಸೌದೆಯ ಕೆಳಗಿಟ್ಟು ಕಡ್ಡಿ ಗೀರಿದರೆ ಬೆಂಕಿ ಹಿಡಿದುಕೊಳ್ಳುತ್ತದೆ. ನಮ್ಮವರು ವಾರಗಟ್ಟಲೆ ಕಸ ಕೂಡಿಟ್ಟರು. ಅತ್ತೆಯ ಕಣ್ಣು ಬಿದ್ದದ್ದು ಕಸದ ಮೇಲಲ್ಲ, ಟ್ರೇಯ ಮೇಲೆ.

"ಇದು ಮೊಟ್ಟೆ ಇಡೋದಲ್ವೇನೋ?"

"ಆಫೀಸಿಂದ ತಂದೆ ಅಮ್ಮ."

"ನಿಮ್ಮ ಆಫೀಸಲ್ಲಿ ಕೋಳಿ ಸಾಕಿದಾರಾ?"

ನಮ್ಮ ಹುಡುಗ ಬಾಯಿ ತೆರೆಯುವ ಮೊದಲೇ ನಾನು ಅವನನ್ನು ಹೋಮ್‌ವರ್ಕಿಗೆ ಎಬ್ಬಿಸಿಕೊಂಡು ಹೋದೆ. ಫ್ರಿಜ್ಜಿನ ಕೆಳಗಿನ ಡ್ರಾಯರಿನ ರಹಸ್ಯ ನಾಲ್ಕು ತಿಂಗಳಿಂದ ಭದ್ರವಾಗಿತ್ತು. ಒಂದು ಹಿಡಿ ನೂಲಿಗೋಸ್ಕರ ಅದನ್ನು ಬಿಟ್ಟುಕೊಡುವುದೇ?

ಈ ಉಪಾಯದಲ್ಲಿ ವಿಡಿಯೋದವರು ಹೇಳದ ತೊಡಕೊಂದಿದೆ. ಹತ್ತಿ ಬಟ್ಟೆಯ ನೂಲಾದರೆ ಚೆನ್ನಾಗಿ ಉರಿಯುತ್ತದೆ. ನಮ್ಮ ಮನೆಯ ಡ್ರೈಯರಿಗೆ ಬೀಳುವುದು ಮಕ್ಕಳ ಸಾಕರ್ ಜೆರ್ಸಿ, ಪಾಲಿಯೆಸ್ಟರ್ ಚಡ್ಡಿ. ಆ ಕಸ ಉರಿಯುವ ಬದಲು ಕರಗಿ ನಾರುತ್ತದೆ. ಹಿತ್ತಲಲ್ಲಿ ಪರೀಕ್ಷೆ ನಡೆದ ಸಂಜೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅತ್ತೆ ಏನೂ ಮಾತಾಡಲಿಲ್ಲ. ದೇವರ ಮನೆಗೆ ಹೋಗಿ ನಾಲ್ಕು ಬಿಲ್ಲೆ ಕರ್ಪೂರ ಮತ್ತು ಒಂದು ಕರಟ ತಂದಿಟ್ಟರು. ಅಷ್ಟೇ. ತೇವದ ಸೌದೆಗೂ ಕರ್ಪೂರ ಜಗ್ಗುವುದಿಲ್ಲ, ಅದರ ಉರಿ ಹತ್ತಿದ ಕರಟ ಬೇಗ ಆರುವುದಿಲ್ಲ. ಟೆಂಟಿನೊಳಗೆ ಮಾತ್ರ ಹಚ್ಚಬಾರದು. ಇನ್ನು ಸೌದೆಯನ್ನು ಮನೆಯಿಂದ ಒಯ್ಯಬಾರದು, ಮರ ಕೊರೆಯುವ ಹುಳು ಊರಿಂದೂರಿಗೆ ಹೋಗುತ್ತದೆಂದು. ಅಲ್ಲಿಯೇ ಕಟ್ಟು ಕೊಳ್ಳಬೇಕು. ಅತ್ತೆ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. "ಕಾಡಲ್ಲಿ ಸೌದೆ ಕ್ರಯಕ್ಕೆ ತಗೊಂಡೋರು ನಾವೇ ಇರಬೇಕು."

ಊಟದ ವಿಷಯಕ್ಕೆ ಬಂದರೆ, ಕ್ಯಾಂಪಿನ ಅಡುಗೆ ಮುಗಿಯಬೇಕಾದದ್ದು ಮನೆಯಲ್ಲೇ. ಹೊರಡುವ ಹಿಂದಿನ ದಿನ ರವೆಯನ್ನು ಘಂ ಅನ್ನುವ ತನಕ ಹುರಿದು, ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಗರಿಗರಿಯಾದ ಕರಿಬೇವಿನ ಒಗ್ಗರಣೆ ಕಲಸಿ, ಉಪ್ಪು ಬೆರೆಸಿ ಆರಿಸಿ ಜಿಪ್ ಚೀಲಕ್ಕೆ ಹಾಕಿಟ್ಟರೆ ಮುಗಿಯಿತು. ಕಾಡಿನಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು, ಐದು ನಿಮಿಷ ಮುಚ್ಚಳ. ಗೊಜ್ಜವಲಕ್ಕಿಗೆ ಒಲೆಯೂ ಬೇಡ. ಹುಳಿಯನ್ನು ಗಟ್ಟಿಯಾಗಿ ಮಾಡಿ ಚೀಲದಲ್ಲಿ ಚಪ್ಪಟೆಯಾಗಿ ಫ್ರೀಜ್ ಮಾಡಿದರೆ ಮೊದಲ ದಿನ ಅದೇ ಐಸು, ಎರಡನೆಯ ದಿನ ಅದೇ ಊಟ. ಕುಡಿಯುವ ನೀರನ್ನೂ ಹಾಲಿನ ದೊಡ್ಡ ಕ್ಯಾನುಗಳಲ್ಲಿ ಹೆಪ್ಪುಗಟ್ಟಿಸಿ ಒಯ್ಯಬೇಕು. ದೊಡ್ಡ ಗಡ್ಡೆ ಪುಡಿ ಐಸಿಗಿಂತ ನಿಧಾನವಾಗಿ ಕರಗುತ್ತದೆ, ಕರಗಿದ ನೀರೂ ಪೋಲಾಗುವುದಿಲ್ಲ. ಇಷ್ಟೆಲ್ಲ ಮಾಡುವವರು ಹಿಂದಿನ ರಾತ್ರಿ ಹನ್ನೆರಡರವರೆಗೆ ಅಡುಗೆಮನೆಯಲ್ಲಿ ನಿಂತಿರುತ್ತಾರೆ. ಕ್ಯಾಂಪಿಂಗ್ ನಿಪುಣರೆಂದು ಸ್ನೇಹಿತರ ನಡುವೆ ಹೆಸರು ಬರುವುದು ಮಾತ್ರ ಟೆಂಟಿನ ಗೂಟ ಹೊಡೆದವರಿಗೆ.

ಆ ನಿಪುಣರ ಇನ್ನೊಂದು ಉಪಾಯ ದೋಸೆ ಹಿಟ್ಟಿನದು. ಅಮೆರಿಕದವರು ಪ್ಯಾನ್‌ಕೇಕ್ ಹಿಟ್ಟನ್ನು ಕೆಚಪ್ ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ. ಸೌಟು ಬೇಡ, ಪಾತ್ರೆ ಬೇಡ, ಕಾವಲಿಗೆ ನೇರ ಹಿಂಡಿದರಾಯಿತು. ನಮ್ಮವರು ಉದ್ದಿನ ಹಿಟ್ಟನ್ನು ಜ್ಯೂಸ್ ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಳ ತಿರುಗಿಸಿದರು. ಐಸ್ ಬಾಕ್ಸಿನಲ್ಲಿ ಜಾಗವಿಲ್ಲದೆ ಬಾಟಲಿ ಡಿಕ್ಕಿ ಸೇರಿತು. ಪ್ಯಾನ್‌ಕೇಕ್ ಹಿಟ್ಟು ಹಾಕಿದಷ್ಟೇ ಇರುತ್ತದೆ. ನಮ್ಮ ಹಿಟ್ಟಿಗೆ ಜೀವವಿದೆ. ಮಂಟೀಕ, ಓಕ್‌ಡೇಲ್ ಕಡೆಯ ಜುಲೈ ಸೆಖೆ ಅದಕ್ಕೆ ಹೇಳಿಮಾಡಿಸಿದ ಹವೆ. ಗ್ರೋವ್‌ಲ್ಯಾಂಡಿಗೆ ಮುಂಚೆ ಪ್ರೀಸ್ಟ್ ಗ್ರೇಡ್ ಎಂಬ ಕಡಿದಾದ ಘಾಟಿ ಹತ್ತುವಾಗ ನಮ್ಮ ಕಿವಿ ಟಪ್ ಅಂದವು, ಚಿಪ್ಸ್ ಪ್ಯಾಕೆಟ್ಟುಗಳು ಉಬ್ಬಿದವು, ಹಿಂದಿನಿಂದ ಸುಂಯ್ ಎಂದು ಸದ್ದು ಬಂತು.

"ಟೈರ್ ಹೋಯ್ತು!" ಎಂದು ನಮ್ಮವರು ಗಾಡಿಯನ್ನು ಪಕ್ಕಕ್ಕೆ ಎಳೆದರು.

ಅತ್ತೆ ಮೂಗೆತ್ತಿ ಒಮ್ಮೆ ಗಾಳಿ ಎಳೆದುಕೊಂಡರು. "ಟೈರಲ್ಲ ಕಣೋ, ಹುದುಗು ಬಂದಿದೆ."

ಡಿಕ್ಕಿ ತೆರೆದರೆ, ಹಿಟ್ಟು ಹೊಸ ಸ್ಲೀಪಿಂಗ್ ಬ್ಯಾಗಿನ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಉಳಿದದ್ದರಲ್ಲಿ ಆದ ದೋಸೆ ಬಹಳ ಹಗುರವಾಗಿತ್ತೆಂದು ನ್ಯಾಯವಾಗಿ ಹೇಳಲೇಬೇಕು.

ಅಪ್ಪರ್ ಪೈನ್ಸ್‌ನಲ್ಲಿ ಪ್ರತಿ ಜಾಗಕ್ಕೂ ಕಬ್ಬಿಣದ ಕರಡಿ ಪೆಟ್ಟಿಗೆ ಇದೆ. ಕರಡಿಗಳಿಗೆ ಕಾರಿನ ಬಾಗಿಲು ಹಪ್ಪಳ. ಆದ್ದರಿಂದ ತಿನ್ನುವುದಷ್ಟೇ ಅಲ್ಲ, ವಾಸನೆ ಬರುವ ಯಾವುದನ್ನೂ ಟೆಂಟಿನಲ್ಲಾಗಲಿ, ರಾತ್ರಿ ಕಾರಿನಲ್ಲಾಗಲಿ ಇಡುವಂತಿಲ್ಲ. ಟೂತ್‌ಪೇಸ್ಟ್, ಸೋಪು, ಕ್ರೀಮು ಎಲ್ಲವೂ ಪೆಟ್ಟಿಗೆಗೆ. ತಪ್ಪಿದರೆ 5,000 ಡಾಲರಿನವರೆಗೆ ದಂಡ. ವಾಸನೆ ಬರುವುದನ್ನೆಲ್ಲ ತೆಗೆಯಿರಿ ಎಂದರೆ ಕನ್ನಡದ ಸಂಸಾರದಲ್ಲಿ ಉಳಿಯುವುದಾದರೂ ಏನು? ಇಂಗಿನ ಡಬ್ಬಿ ಹೋಯಿತು, ಸಾರಿನ ಪುಡಿ ಹೋಯಿತು, ಮೈಸೂರು ಸ್ಯಾಂಡಲ್ ಸೋಪು, ಊದಿನಕಡ್ಡಿ, ಉಪ್ಪಿನಕಾಯಿ, ಹರಳೆಣ್ಣೆ ಎಲ್ಲ ಹೋದವು. ರೇಂಜರ್ ಹುಡುಗಿ ಬಂದು "ಇನ್ನೇನಾದರೂ?" ಎಂದು ನಗುತ್ತ ಕೇಳಿದಾಗ, ಅತ್ತೆ ಸೊಂಟದಿಂದ ಅಮೃತಾಂಜನ ಬಿಚ್ಚಿ ಕೊಟ್ಟರು. ಆಮೇಲೆ ನನ್ನ ಕಿವಿಯಲ್ಲಿ, "ಕರಡಿಗೂ ತಲೆನೋವು ಬರತ್ತೇನೇ?" ಎಂದರು.

ರಾತ್ರಿ ಆಯಿತು. ಇಲ್ಲಿ ಒಂದು ಉಪಾಯವನ್ನು ಮನಸಾರೆ ಹೊಗಳಬೇಕು. ನೀರು ತುಂಬಿದ ಹಾಲಿನ ಕ್ಯಾನಿಗೆ ಹಣೆದೀಪದ ಪಟ್ಟಿ ಸುತ್ತಿ, ದೀಪದ ಮುಖ ಒಳಕ್ಕೆ ತಿರುಗಿಸಿದರೆ ಟೆಂಟಿಡೀ ಮೆತ್ತನೆಯ ಬೆಳಕು. ಪೈಸೆ ಖರ್ಚಿಲ್ಲ. ಅದೇ ಬೆಳಕಲ್ಲಿ ನಮ್ಮವರು ಮಕ್ಕಳಿಗೆ, 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದೇ ಯೊಸೆಮಿಟಿಯಲ್ಲಿ ಜಾನ್ ಮ್ಯೂರ್ ಜೊತೆ ಬಯಲಲ್ಲಿ ಮಲಗಿದ್ದು, ಗ್ಲೇಸಿಯರ್ ಪಾಯಿಂಟಿನಲ್ಲಿ ಏಳುವಾಗ ಹೊದಿಕೆಯ ಮೇಲೆ ಹಿಮ ಬಿದ್ದಿದ್ದನ್ನು ಹೇಳಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅವನಿಗೆ ಕೆಳಗೆ ಏನು ಹಾಸಿದ್ರು?"

ಪ್ರಶ್ನೆ ಸರಿಯಾಗಿಯೇ ಇತ್ತು. ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಗಾಳಿ ತುಂಬಿದ ದೊಡ್ಡ ಹಾಸಿಗೆಯೊಳಗೆ ಇರುವುದೂ ತಣ್ಣನೆಯ ಗಾಳಿಯೇ. ಮಕ್ಕಳು ಚಿಕ್ಕವರಿದ್ದಾಗ ಆಡುತ್ತಿದ್ದ ಎಬಿಸಿಡಿ ಫೋಮ್ ಚೌಕಗಳನ್ನು ಕೆಳಗೆ ಜೋಡಿಸಿ, ಮೇಲೆ ಜಮಖಾನ ಹಾಸಿದೆವು. ಕಾಲ ಬಳಿಗೆ ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು, ಅದಕ್ಕೊಂದು ಕಾಲುಚೀಲ. ಹಗಲು ಅಜ್ಜಿಯ ಮಂಕಿ ಕ್ಯಾಪಿಗೆ ಬಿದ್ದು ಬಿದ್ದು ನಕ್ಕಿದ್ದ ಮಗಳು ಮಧ್ಯರಾತ್ರಿ, "ಅಜ್ಜಿ, ಇನ್ನೊಂದಿದೆಯಾ?" ಎಂದಳು. ಇತ್ತು. ಎಲ್ಲರಿಗೂ ಇತ್ತು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಗಲಾಟೆ ಮಾಡುವಂತಿಲ್ಲ. ನಾಲ್ಕು ಸಾವಿರ ಅಡಿಯ ಆ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಬೇಯಲು ಸತಾಯಿಸುತ್ತದೆ. ಕುಕ್ಕರ್ ಒಯ್ದದ್ದು ಅತ್ತೆಯ ಹಠ, ಅದಕ್ಕೆ ವಿಜ್ಞಾನದ ಬೆಂಬಲವಿತ್ತು. 6 ಗಂಟೆ ದಾಟಿದ್ದನ್ನು ಅವರು ಗಡಿಯಾರದಲ್ಲಿ ಖಾತ್ರಿ ಮಾಡಿಕೊಂಡರು. ಮೊದಲ ಸೀಟಿಗೆ ಕಾಡಿನ ಹಕ್ಕಿಗಳೆಲ್ಲ ಸುಮ್ಮನಾದವು. ಎರಡನೆಯದಕ್ಕೆ ಪಕ್ಕದ ಟೆಂಟಿನ ಜಿಪ್ ತೆರೆಯಿತು.

ಆ ಸಂಜೆ ಪಕ್ಕದ ಟೆಂಟಿನ ಯಜಮಾನ, ಅರ್ಧ ಪೊಟ್ಟಣ ಕಡ್ಡಿ ಮುಗಿಸಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಮ್ಮ ಬೆಂಕಿಯ ಬಳಿ ಬಂದ. ಆ ಬಿಳಿ ಬಿಲ್ಲೆ ಯಾವ ಕಂಪನಿಯದು, ಎಲ್ಲಿ ಸಿಗುತ್ತದೆ ಎಂದು ಕೇಳಿದ. ನಮ್ಮವರು ಐದು ತಿಂಗಳಿನಿಂದ ಕಾದಿದ್ದ ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅತ್ತೆ ಒಂದು ಪೊಟ್ಟಣ ಅವನ ಕೈಗಿಟ್ಟು ಮಗನಿಗೆ ಹೇಳಿದರು:

"ಅದೆಲ್ಲ ಆಮೇಲೆ ಹೇಳುವೆಯಂತೆ. ರಾತ್ರಿ ಇದನ್ನ ಟೆಂಟಲ್ಲಿ ಇಟ್ಕೊಂಡು ಮಲಗಬೇಡಪ್ಪ, ಪೆಟ್ಟಿಗೇಲಿ ಇಡು ಅನ್ನು ಅವನಿಗೆ. ವಾಸನೆ ಬರತ್ತೆ. ಐದು ಸಾವಿರ ಡಾಲರ್!"